ಕೋಡಿಯ ಮಠದ ಅನ್ನದ ಲೆಕ್ಕ

ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ಗುಡಿಯಲ್ಲಿ 1162ರ ಶಾಸನವಿದೆ. ಕೋಡಿಯ ಮಠದಲ್ಲಿ ಓದಿಸುತ್ತಿದ್ದ ವಿಷಯಗಳನ್ನು ಅದು ಹೆಸರಿಸುತ್ತದೆ: ನಾಲ್ಕು ವೇದ, ವ್ಯಾಕರಣ, ಷಡ್ದರ್ಶನ, ಯೋಗ, ಪುರಾಣ, ಕಾವ್ಯ, ನಾಟಕ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು. ದೀನರು, ಕುಂಟರು, ಕುರುಡರು, ಹಾಡುವವರು, ಎಲ್ಲರಿಗೂ ಊಟ, ರೋಗಿಗಳಿಗೆ ಮದ್ದು.

ದಿನಕ್ಕೆ ಅಕ್ಕಿ ಎಷ್ಟು, ಮದ್ದು ಮುಗಿಯುವ ಮೊದಲು ತರಿಸುವುದು ಯಾವಾಗ? ಯಾರೋ ಲೆಕ್ಕ ಹಾಕಿರಲೇಬೇಕು. ಓದಿನ ಪಟ್ಟಿಯಲ್ಲಿ ಮಾತ್ರ ಆ ಲೆಕ್ಕವಿಲ್ಲ.

ಈಗ ಅದೇ ಒಂದು ಓದು: ಇಂಡಸ್ಟ್ರಿಯಲ್ ಇಂಜಿನಿಯರಿಂಗ್, ಆಪರೇಷನ್ಸ್ ರಿಸರ್ಚ್. ಇದರಲ್ಲಿ ಆಪರೇಷನ್ಸ್ ರಿಸರ್ಚ್ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸೇನೆಗೆಂದು ಬೆಳೆದ ವಿದ್ಯೆ. 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಜಿಗ್ ಸಿಂಪ್ಲೆಕ್ಸ್ ವಿಧಾನ ಕೊಟ್ಟರು. ಪಿಯುಸಿ ಮುಗಿಸಿದ ಶಿಕಾರಿಪುರ, ಸೊರಬದ ಮಕ್ಕಳೇ, ಸಿಇಟಿ ಆಯ್ಕೆ ತುಂಬುವಾಗ ಕಂಪ್ಯೂಟರ್ ಸೈನ್ಸ್ ಜೊತೆ ಇದನ್ನೂ ನೋಡಿ. ಅಡಿಕೆ ಮಂಡಿಗೂ ತಾಲೂಕು ಆಸ್ಪತ್ರೆಯ ಔಷಧಿ ಕೋಣೆಗೂ ಈ ಲೆಕ್ಕ ಬಲ್ಲವರು ಬೇಕು.