ಇಂಗಾಲದ ಲೆಕ್ಕ ಮತ್ತು ತಂತ್ರಾಂಶ: ಬೆಳೆದು ಬಂದ ಬಗೆ, ಬೆಳೆಸುವವರ ಯೋಜನೆ

ಏಪ್ರಿಲಿನಿಂದಲೂ ಅಕ್ಟೋಬರಿನಿಂದಲೂ ಮೊದಲಾಗುವ ಎರಡು ಅರೆವರ್ಷಗಳಿಗಾಗಿ ತನ್ನ ವಾಣಿಜ್ಯ ತಂತ್ರಾಂಶಗಳಲ್ಲಿ ಏನೇನು ಸುಧಾರಣೆಗಳನ್ನು ಮಾಡಲಾಗುವುದೆಂಬ ಪಟ್ಟಿಯನ್ನು ಮುಂಚಿತವಾಗಿ ಹೊರಡಿಸುವ ಪದ್ಧತಿಯನ್ನು ಮೈಕ್ರೊಸಾಫ್ಟ್ ಸಂಸ್ಥೆ ಕೆಲವು ವರ್ಷಗಳಿಂದ ಇರಿಸಿಕೊಂಡಿದೆ. ಉದ್ಯಮಗಳ ಇಂಗಾಲದ ಲೆಕ್ಕವನ್ನಿಡುವ ತಂತ್ರಾಂಶವೂ ಆ ಪಟ್ಟಿಯೊಳಗೆ ಸ್ಥಾನ ಪಡೆದ ಮೇಲೆ, ಅದನ್ನು ಅನುಸರಿಸಿ ಇತರ ಸಂಸ್ಥೆಗಳ ಪಟ್ಟಿಗಳೂ, ಆ ಪಟ್ಟಿಗಳನ್ನು ವ್ಯಾಖ್ಯಾನಿಸುವ ಬರಹಗಳೂ ಹೇರಳವಾಗಿ ಹೊರಡುತ್ತಿವೆ. ಈ ಬರಹಗಳ ಧೋರಣೆ ಬಹುಮಟ್ಟಿಗೆ ಒಂದೇ: ಈ ವಿದ್ಯೆ 2020ರ ಆಸುಪಾಸಿನಲ್ಲಿ ಕ್ಲೌಡಿನ ಗರ್ಭದಿಂದ ಜನಿಸಿತು, ಕೃತಕ ಬುದ್ಧಿಮತ್ತೆಯಿಂದ ಪರಿಪೂರ್ಣತೆಯನ್ನು ಪಡೆಯಲಿದೆ. ಮೀಟರು ಕೋಣೆಯಲ್ಲಿ ನಿಂತು ಅಂಕಿಗಳನ್ನು ಗುರುತು ಹಾಕಿಕೊಳ್ಳುವ ಕಾಲದಿಂದ ಈ ಕೆಲಸದಲ್ಲಿ ಬಿದ್ದಿರುವವನಿಗೆ ಆ ವಂಶಾವಳಿ ಅಸಂಪೂರ್ಣವೆಂದು ತೋರುವುದು ಸಹಜ.

ಪೂರ್ವಪೀಠಿಕೆಯನ್ನು ಬೇಗನೆ ಮುಗಿಸಬಹುದು. ವಾಸಿಲಿ ಲಿಯೊಂಟಿಯೆಫ್ 1930ರ ದಶಕದಲ್ಲಿ ರೂಪಿಸಿದ ಹೂಡುವಳಿ-ಹುಟ್ಟುವಳಿ ಕೋಷ್ಟಕಗಳು, 1997ರ ಕ್ಯೋಟೊ ಒಡಂಬಡಿಕೆ ಹೆಸರಿಸಿದ ಆರು ಅನಿಲಗಳು, ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಮತ್ತು ಉದ್ಯಮಗಳ ಜಾಗತಿಕ ಮಂಡಳಿಯೊಂದು ಕೂಡಿ 2001ರಲ್ಲಿ ಹೊರತಂದ ಜಿಎಚ್‌ಜಿ ಪ್ರೊಟೊಕಾಲ್: ಇವು ಅಡಿಪಾಯ. ಉದ್ಯಮ ತಾನೇ ಸುಟ್ಟ ಇಂಧನ ಸ್ಕೋಪ್ 1, ಕೊಂಡ ವಿದ್ಯುತ್ತು ಸ್ಕೋಪ್ 2, ತನ್ನ ಹಿಂದುಮುಂದಿನ ಸರಪಳಿಯ ಮಿಕ್ಕೆಲ್ಲವೂ ಸ್ಕೋಪ್ 3 ಎಂಬ ವಿಭಾಗಕ್ರಮ ಅಲ್ಲಿಂದಲೇ ಬಂದುದು. 2008ರಿಂದ ಮೂರು ನಾಲ್ಕು ವರ್ಷ ಅಮೆರಿಕದಲ್ಲಿ ಹಾರಾ ಮೊದಲಾದ ಕಂಪನಿಗಳು ಇದಕ್ಕೆಂದೇ ತಂತ್ರಾಂಶ ಕಟ್ಟಿದುವು. ಜರ್ಮನಿಯ ಎಸ್‌ಎಪಿ 2009ರಲ್ಲಿ ಕ್ಲಿಯರ್ ಸ್ಟ್ಯಾಂಡರ್ಡ್ಸ್ ಎಂಬ ಕಂಪನಿಯನ್ನು ಕೊಂಡಿತು. ಅದೇ ವರ್ಷ ಕೋಪನ್‌ಹೇಗನ್ ಸಮ್ಮೇಳನ ನಿರಾಶೆಯಲ್ಲಿ ಮುಗಿದು, ಮರುವರ್ಷ ಅಮೆರಿಕದ ಸೆನೆಟ್ಟು ಹವಾಮಾನ ಮಸೂದೆಯನ್ನು ಕೈಬಿಡಲಾಗಿ, ಆ ಮೊದಲ ಫಸಲಿನ ಹೆಚ್ಚಿನ ಪಾಲು ಒಣಗಿಹೋಯಿತು.

ಒಣಗದೆ ಉಳಿದುದು ಎಲ್ಲಿಯೆಂಬುದನ್ನು ಈಚಿನ ಬರಹಗಾರರು ಕೇಳುವುದಿಲ್ಲ. ನಮ್ಮ ದೇಶದ ಮಟ್ಟಿಗೆ ಅದು ಉಳಿದುದು ಶಕ್ತಿ ಲೆಕ್ಕಪರಿಶೋಧಕರ ಎಕ್ಸೆಲ್ ಹಾಳೆಗಳಲ್ಲಿ. 2001ರ ಶಕ್ತಿ ಸಂರಕ್ಷಣಾ ಕಾಯಿದೆ, ಮರುವರ್ಷ ಸ್ಥಾಪಿತವಾದ ಶಕ್ತಿ ದಕ್ಷತಾ ಬ್ಯೂರೊ (ಬಿಇಇ), ಅದು ನಡೆಸಿದ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಆಡಿಟರುಗಳು, ಇವರೆಲ್ಲ ಇಂಗಾಲವೆಂಬ ಹೆಸರನ್ನೇ ಅಷ್ಟಾಗಿ ಎತ್ತದೆ ಇಂಗಾಲದ ಲೆಕ್ಕಕ್ಕೆ ಬೇಕಾದ ಶಿಸ್ತನ್ನು ಕಾರ್ಖಾನೆಗಳಲ್ಲಿ ನೆಲೆಗೊಳಿಸಿದರು. ಕ್ಯೋಟೊದ ಸಿಡಿಎಂ (ಶುದ್ಧ ಅಭಿವೃದ್ಧಿ ವಿಧಾನ) ಯೋಜನೆಗಳಿಗೆ ಬೇಕಾಯಿತೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2006ರಿಂದ ಪ್ರಕಟಿಸತೊಡಗಿದ ದತ್ತಾಂಶದ ದೆಸೆಯಿಂದ, ವಿದ್ಯುತ್ ಜಾಲದಿಂದ ಪಡೆದ ಒಂದು ಯೂನಿಟ್ಟಿಗೆ ಎಷ್ಟು ಇಂಗಾಲದ ಡೈಆಕ್ಸೈಡೆಂಬುದಕ್ಕೆ (ಇದೀಗ ಅದು 0.7 ಕಿಲೊಗ್ರಾಮಿನ ಮೇಲೆ ಕೊಂಚ) ಸರಕಾರಿ ಮೊಹರಿನ ಗುಣಾಂಕ ದೊರೆಯಿತು. 2012ರಲ್ಲಿ ಮೊದಲ್ಗೊಂಡ ಪ್ಯಾಟ್ ಎಂಬ ಶಕ್ತಿ ಉಳಿತಾಯದ ಯೋಜನೆ ಎಂಟು ಉದ್ಯಮವರ್ಗಗಳ 478 ಘಟಕಗಳನ್ನು ತನ್ನ ಪ್ರಥಮ ಆವರ್ತಕ್ಕೆ ಒಳಪಡಿಸಿ, ಟನ್ನು ಉತ್ಪನ್ನಕ್ಕೆ ತಗುಲುವ ಶಕ್ತಿಯನ್ನು ಅಳೆದು, ಅಳೆದುದನ್ನು ಮೂರನೆಯವರಿಂದ ಪರಿಶೀಲನೆ ಮಾಡಿಸಿ, ಮಿಗಿಸಿದವನಿಗೆ ಮಾರಬಹುದಾದ ಪತ್ರವನ್ನೂ ಕೊಟ್ಟಿತು. ಈಗಿನ ತಂತ್ರಾಂಶಗಳು ಹೊಸ ಗುಣವೆಂದು ಸಾರಿಕೊಳ್ಳುವ ದಾಖಲೆಯ ಜಾಡು, ಪರಿಶೀಲಕನ ಒಪ್ಪಿಗೆ, ಮೂಲವರ್ಷದ ಹೋಲಿಕೆ ಇವು ಮೂರೂ ಅಲ್ಲಿದ್ದುವು. ಪರದೆ ಮಾತ್ರ ಅಷ್ಟು ಚೆಲುವಾಗಿರಲಿಲ್ಲ.

ಈ ಆಡಿಟರುಗಳ ಪಂಥದ ವಿವೇಕವೆಲ್ಲ ಅಡಗಿದ್ದುದು ಕ್ಷುದ್ರವೆಂದು ಕಾಣುವ ವಿವರಗಳಲ್ಲಿ. ಎಚ್‌.ಟಿ. (ಅಧಿಕ ವೋಲ್ಟೇಜಿನ) ಮೀಟರಿನ ಮೇಲೆ ಕಾಣುವ ಅಂಕಿಯನ್ನು ಮೀಟರಿನ ಗುಣಕದಿಂದ ಗುಣಿಸಿದಲ್ಲದೆ ಯೂನಿಟ್ಟು ಸಿಕ್ಕದು. ಬೆಸ್ಕಾಂ ಬಿಲ್ಲಿನ ಅವಧಿಗೂ ಕಂಪನಿಯ ತಿಂಗಳ ಲೆಕ್ಕಕ್ಕೂ ಹೊಂದಿಕೆಯಿರಲೇಬೇಕೆಂದಿಲ್ಲ. ಮಾರ್ಚಿಯಲ್ಲಿ ಕೊಂಡ ಡೀಸೆಲ್ಲು ಮಾರ್ಚಿಯಲ್ಲಿಯೇ ಉರಿಯಿತೆಂದು ಹೇಳುವಂತಿಲ್ಲವಾಗಿ, ಜನರೇಟರಿನ ತೊಟ್ಟಿಯಲ್ಲಿ ಅಳತೆಕೋಲು ಇಳಿಸಿ ಶಿಲ್ಕನ್ನು ಕಳೆಯಬೇಕು. ಉರಿದ ಒಂದೊಂದು ಲೀಟರಿಗೆ ಸುಮಾರು 2.7 ಕಿಲೊಗ್ರಾಮು ಇಂಗಾಲದ ಡೈಆಕ್ಸೈಡಿನಂತೆ ಹಚ್ಚುವುದು ಅನಂತರದ, ಸುಲಭವಾದ ಕೆಲಸ. ಎ.ಸಿ. ಮೆಕ್ಯಾನಿಕ್ಕು ವರ್ಷದಲ್ಲಿ ಎಷ್ಟು ಗ್ಯಾಸು ತುಂಬಿದನೆಂಬುದು ದುರಸ್ತಿ ಬಿಲ್ಲಿನಲ್ಲಿ ಒಂದು ಸಾಲಾಗಿ ಅಡಗಿರುತ್ತದೆ, ಆದರೆ ಆರ್-410ಎಯಂಥ ಗ್ಯಾಸಿನ ಒಂದು ಕಿಲೊ ಸೋರಿದರೆ ಅದು ಎರಡು ಟನ್ನು ಇಂಗಾಲದ ಡೈಆಕ್ಸೈಡಿಗೆ ಸಮ. ಲೆಕ್ಕ ಕೆಡುವುದು ಗುಣಾಕಾರದಲ್ಲಲ್ಲ, ಗುಣಾಕಾರಕ್ಕೆ ಮೊದಲು.

ಇಷ್ಟರಲ್ಲಿ ಬೇರೊಂದು ಪಂಥ ತಲೆಯೆತ್ತಿತು. 2011ರಲ್ಲಿ ಪ್ರಕಟವಾದ ಸ್ಕೋಪ್ 3ರ ನಿಯಮಾವಳಿ ಹದಿನೈದು ವಿಭಾಗಗಳನ್ನು ಗುರುತಿಸಿ, ಪೂರೈಕೆದಾರರ ಅಂಕಿಗಳು ದೊರೆಯದೆಡೆ ಖರೀದಿಯ ಹಣದ ಮೊತ್ತವನ್ನೇ ಹಿಡಿದು, ಲಿಯೊಂಟಿಯೆಫ್ ಪರಂಪರೆಯ ಕೋಷ್ಟಕಗಳಿಂದ ಅಂದಾಜು ಮಾಡಬಹುದೆಂದಿತು. ಹಣದ ಪುಸ್ತಕ ಆಗಲೇ ಗಣಕದಲ್ಲಿದ್ದುದರಿಂದ ತಂತ್ರಾಂಶದವರಿಗೆ ಈ ದಾರಿ ಅತ್ಯಂತ ಪ್ರಿಯವಾಯಿತು. ಸೇಲ್ಸ್‌ಫೋರ್ಸ್ 2019ರಲ್ಲಿ ಈ ಕ್ಷೇತ್ರಕ್ಕೆ ಬಂದಿತು. ವಾಟರ್‌ಶೆಡ್, ಪರ್ಸೆಫೋನಿ ಎಂಬ ಹೊಸ ಕಂಪನಿಗಳು ಅದರ ಬೆನ್ನಿಗೆ ಬಂದುವು. ಐಬಿಎಂ 2022ರ ಜನವರಿಯಲ್ಲಿ ಆಸ್ಟ್ರೇಲಿಯದ ಎನ್ವಿಜಿಯನ್ನು ಕೊಂಡಿತು. ಅದೇ ವರ್ಷದ ಜೂನ್‌ನಲ್ಲಿ ಮೈಕ್ರೊಸಾಫ್ಟಿನದು ಮಾರುಕಟ್ಟೆಗಿಳಿಯಿತು. ಹಣದ ಅಂದಾಜು ಎಲ್ಲಿ ಹುಡುಕಬೇಕೆಂದು ತೋರಿಸುವುದಕ್ಕೆ ಸಾಕೆಂಬುದನ್ನು ಅಲ್ಲಗಳೆಯಲಾಗದು. ಆದರೆ ಉಕ್ಕಿನ ಬೆಲೆ ಏರಿದ ವರ್ಷ ಕಂಪನಿಯ ಹೊರಸೂಸುವಿಕೆಯೂ ಏರಿತೆಂದು ಪರದೆ ತೋರಿಸುತ್ತದೆ. ಹೆಚ್ಚು ಹಣ ತೆತ್ತು ಶುದ್ಧ ಉಕ್ಕನ್ನು ಕೊಂಡವನು ಹೆಚ್ಚು ಮಲಿನನೆಂದು ತೀರ್ಪಾಗುತ್ತದೆ. ಚೌಕಾಸಿಯಿಂದ ಇಂಗಾಲವನ್ನು ಇಳಿಸಬಹುದಾದ ಪದ್ಧತಿಯನ್ನು ಶಾಸ್ತ್ರವೆಂದು ಕರೆಯಲು ನನಗೆ ಮನಸ್ಸು ಬಾರದು.

ಕಾನೂನಿನ ಒತ್ತಡ ಎರಡು ಪಂಥಗಳನ್ನೂ ಒಂದೇ ಕೊಠಡಿಗೆ ತಂದಿತು. ಷೇರುಪೇಟೆಯ ನಿಯಂತ್ರಕ ಸೆಬಿ 2021ರಲ್ಲಿ ಬಿಆರ್‌ಎಸ್‌ಆರ್ ಎಂಬ ಉದ್ಯಮ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ರೂಪಿಸಿ, 2022-23ರಿಂದ ಅಗ್ರ 1000 ಕಂಪನಿಗಳಿಗೆ ಕಡ್ಡಾಯ ಮಾಡಿ, 2023ರಲ್ಲಿ ಅದರ ಸಾರಭಾಗಕ್ಕೆ ಹೊರಗಿನವರ ದೃಢೀಕರಣ ಬೇಕೆಂದಿತು. ಯೂರೋಪಿನ ಗಡಿ ಸುಂಕದ ವ್ಯವಸ್ಥೆ, ಅಂದರೆ ಸಿಬಿಎಎಂ, 2023ರ ಅಕ್ಟೋಬರಿನಿಂದ ಉಕ್ಕು, ಅಲ್ಯುಮಿನಿಯಂ ಮೊದಲಾದುವನ್ನು ಕಳುಹಿಸುವವರ ಕುಲುಮೆಯ ಅಂಕಿಗಳನ್ನೇ ಕೇಳತೊಡಗಿತು. ಹಣದ ಅಂದಾಜು ಅಲ್ಲಿ ನಡೆಯದು. 2025ರಲ್ಲಿ ಯೂರೋಪು ತನ್ನ ವರದಿಯ ಕಟ್ಟಳೆಗಳನ್ನು ಸಡಿಲಿಸಲು ಹೊರಟುದನ್ನೂ, ಅಮೆರಿಕದ ಎಸ್‌ಇಸಿ ತನ್ನ ಹವಾಮಾನ ವರದಿಯ ನಿಯಮದ ಸಮರ್ಥನೆಯನ್ನೇ ನ್ಯಾಯಾಲಯದಲ್ಲಿ ಕೈಬಿಟ್ಟುದನ್ನೂ ಕಂಡು ಈ ಉದ್ಯೋಗಕ್ಕೆ ಮತ್ತೆ 2010 ಬಂದಿತೆಂದು ಕೆಲವರು ಹೆದರಿದರು. ಗಡಿಯಲ್ಲಿ ಸುಂಕವಿರುವವರೆಗೆ ಆ ಭಯಕ್ಕೆ ಆಧಾರವಿಲ್ಲ.

ಈ ಹಿನ್ನೆಲೆಯಲ್ಲಿ ಸುಧಾರಣೆಗಳ ಪಟ್ಟಿಗಳನ್ನು ಓದಬೇಕು. ಬಿಲ್ಲಿನ ಚಿತ್ರದಿಂದ ಅಂಕಿಗಳನ್ನು ಕೃತಕ ಬುದ್ಧಿಯೇ ಹೆಕ್ಕುವುದು, ಖರೀದಿಯ ಪ್ರತಿ ಸಾಲಿಗೆ ಒಪ್ಪುವ ಗುಣಾಂಕವನ್ನು ಅದೇ ಸೂಚಿಸುವುದು, ವರದಿಯ ಕರಡನ್ನು ಬರೆದುಕೊಡುವುದು ಎಲ್ಲರ ಪಟ್ಟಿಯಲ್ಲೂ ಮೇಲಿವೆ. ಇವುಗಳಿಗಿಂತ ನಾನು ಬೆಲೆಯುಳ್ಳುದೆಂದು ಎಣಿಸುವುದು ಎರಡು ಪ್ರಯತ್ನಗಳನ್ನು: ಹಣದ ಖಾತೆಯ ಪಕ್ಕದಲ್ಲಿಯೇ ಇಂಗಾಲದ ಖಾತೆಯನ್ನಿಡುವ, 2023ರಲ್ಲಿ ಎಸ್‌ಎಪಿ ಘೋಷಿಸಿದ ಗ್ರೀನ್ ಲೆಜರ್, ಮತ್ತು ಒಂದು ಕಂಪನಿಯ ತಂತ್ರಾಂಶದಿಂದ ಇನ್ನೊಂದರದಕ್ಕೆ ಉತ್ಪನ್ನವೊಂದರ ಇಂಗಾಲದ ಅಂಕಿಯನ್ನು ಸಾಮಾನ್ಯ ರೂಪದಲ್ಲಿ ದಾಟಿಸುವ ಪ್ಯಾಕ್ಟ್ ಎಂಬ ಮಾನದಂಡ.

ಪಟ್ಟಿಗಳಲ್ಲಿ ಕಾಣದಿರುವುದು ಬೇರೆ. ಗುಣಾಂಕಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಎರಡನೆಯ ವರದಿಯಲ್ಲಿ, ಇಂಗಾಲದ ಡೈಆಕ್ಸೈಡನ್ನು 1 ಎಂದು ಹಿಡಿದರೆ, ಮೀಥೇನಿನ ತೂಕ 21, ನಾಲ್ಕನೆಯದರಲ್ಲಿ 25, ಐದನೆಯದರಲ್ಲಿ 28. ಹಿಂದಿನ ವರ್ಷಗಳ ಮೊತ್ತ ಯಾವ ಅಂಕಿಯ ಮೇಲೆ ನಿಂತಿದೆ, ಇಳಿದುದರಲ್ಲಿ ಕಾರ್ಖಾನೆಯ ಶ್ರಮವೆಷ್ಟು, ಗುಣಾಂಕದ ಕೃಪೆಯೆಷ್ಟು ಎಂದು ಬಿಡಿಸಿ ತೋರಿಸುವ ಪುಟಕ್ಕೆ ಸಿಗಬೇಕಾದ ಆದ್ಯತೆಯನ್ನು ಯಾರೂ ಕೊಟ್ಟಂತಿಲ್ಲ. ಪಟ್ಟಿಗಳು ಮರೆತ ಇನ್ನೊಂದು: ಪೀಣ್ಯದ ಸಣ್ಣ ಘಟಕವೊಂದು ಹತ್ತು ಗಿರಾಕಿಗಳ ಹತ್ತು ಪೋರ್ಟಲುಗಳಲ್ಲಿ ಅದೇ ವಿದ್ಯುತ್ತನ್ನು ಹತ್ತು ಸಲ ಇಂಗ್ಲಿಷಿನಲ್ಲಿ ತುಂಬಬೇಕಾಗಿದೆ, ತುಂಬುವವನು ಅದೇ ಘಟಕದ ಅಕೌಂಟೆಂಟು. ಅವನಿಗೆ ಪ್ರತಿಯಾಗಿ ಯಾವ ಪರದೆಯೂ ಏನನ್ನೂ ಹೇಳುವುದಿಲ್ಲ. ಪೂರೈಕೆ ಸರಪಳಿಯ ಅಂಕಿಗಳನ್ನು ಸೆಬಿ ಸದ್ಯಕ್ಕೆ ಐಚ್ಛಿಕವಾಗಿಸಿದೆಯೆಂಬುದು ಅವನ ಪಾಲಿಗೆ ವಿರಾಮವೇ ಹೊರತು ಪರಿಹಾರವಲ್ಲ.

ಇನ್ನು ವಿದ್ಯುತ್ತು. ಸ್ಕೋಪ್ 2ರ ನಿಯಮಗಳನ್ನು ಪರಿಷ್ಕರಿಸುತ್ತಿರುವ ಜಿಎಚ್‌ಜಿ ಪ್ರೊಟೊಕಾಲಿನವರು 2025ರಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಿಟ್ಟ ಕರಡಿನಲ್ಲಿ, ಹಸಿರು ವಿದ್ಯುತ್ತನ್ನು ಬಳಸಿದೆನೆನ್ನುವವನು ಗಂಟೆಗೆ ಗಂಟೆ ಹೊಂದಿಸಿ ತೋರಿಸಬೇಕೆಂಬ ಸೂಚನೆಯಿದೆ. ತಂತ್ರಾಂಶದವರೂ ಅದಕ್ಕೆ ಅಣಿಯಾಗುತ್ತಿದ್ದಾರೆ. ಚಿತ್ರದುರ್ಗದ ಗಾಳಿಯಂತ್ರದಿಂದ ವಿದ್ಯುತ್ತನ್ನು ಜಾಲದ ಮೂಲಕ ತರಿಸಿಕೊಂಡು (ವೀಲಿಂಗ್), ಮಿಕ್ಕ ಯೂನಿಟ್ಟುಗಳನ್ನು ವಿದ್ಯುತ್ ಕಂಪನಿಯ ಬಳಿ ಬ್ಯಾಂಕಿಂಗಿಗೆ ಬಿಟ್ಟು, ಬೇಕಾದಾಗ ಮರಳಿ ಪಡೆಯುವ ಕಾರ್ಖಾನೆಯ ಬಿಲ್ಲಿನಲ್ಲಿ ಆ ಯೂನಿಟ್ಟುಗಳು ಕಳೆಯುವ ಬಾಬ್ತಾಗಿ ಬರುತ್ತವೆ. ಬಿಲ್ಲಿನ ನಿವ್ವಳ ಮೊತ್ತವನ್ನಷ್ಟೇ ಹೆಕ್ಕುವ ಯಂತ್ರಕ್ಕೆ ಅವು ಕಾಣವು, ಕಂಡರೂ ಬ್ಯಾಂಕಿನಿಂದ ಮರಳಿದ ಯೂನಿಟ್ಟನ್ನು ಯಾವ ಗಂಟೆಗೆ ಹಚ್ಚಬೇಕೆಂಬುದು ತಿಳಿಯದು. ನಾನು ಓದಿದ ಯಾವ ಪಟ್ಟಿಯಲ್ಲಿಯೂ ಈ ಪ್ರಶ್ನೆಗೆ ಒಂದು ಸಾಲು ಮೀಸಲಾಗಿಲ್ಲ. ಕಾರ್ಖಾನೆಗಳಲ್ಲಿ ಇದನ್ನು ಈಗಲೂ ಎಲೆಕ್ಟ್ರಿಕಲ್ ಸೂಪರ್‌ವೈಸರ್ ತನ್ನ ಎಕ್ಸೆಲ್ ಹಾಳೆಯಲ್ಲಿ ಬಿಡಿಸಿ, ಬಂದ ಉತ್ತರವನ್ನು ತಂತ್ರಾಂಶಕ್ಕೆ ಕೈಯಾರೆ ತುಂಬುತ್ತಿದ್ದಾನೆ.