ಬದುವಿನ ಮೇಲಣ ಬೇಲಿ

ಚಿಕ್ಕನಾಯಕನಹಳ್ಳಿಯ ಗುಡ್ಡಗಳಿಂದಿಳಿದು ತಿಪಟೂರು, ತುರುವೇಕೆರೆಗಳ ಕಡೆಗೆ ಬರುವವರಿಗೆ ಭೂಮಿಯು ಮೆಟ್ಟಿಲು ಮೆಟ್ಟಿಲಾಗಿ ತೋರುವುದು. ಮೇಲೆ ಕುರುಚಲು ಬೆಳೆದ ಮರಡಿ. ನಡುವೆ ರಾಗಿ ಹುರುಳಿಗಳ ಕೆಮ್ಮಣ್ಣಿನ ಹೊಲ. ಅದರ ಕೆಳಗೆ ಕೆರೆ. ಕೆರೆಯ ಕೆಳಗೆ ತೆಂಗಿನ ತೋಟ. ಮರಡಿಯ ಮೇಲೆ ಬಿದ್ದ ಮಳೆಯು ಬರಿಗೈಯಲ್ಲಿ ಇಳಿಯುವುದಿಲ್ಲ. ಹೊಲದ ಮೇಲ್ಮಣ್ಣನ್ನು ಹೊತ್ತುಕೊಂಡೇ ಇಳಿಯುವುದು. ಈ ಸೀಮೆಯ ಬೇಸಾಯದ ಇತಿಹಾಸವು ಬಹುಮಟ್ಟಿಗೆ ಆ ಮಣ್ಣಿನ ಇತಿಹಾಸವೇ ಆಗಿದೆ.

ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800 ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಚಿಕ್ಕನಾಯಕನಹಳ್ಳಿಗೂ ಬಂದು, ಅಲ್ಲಿಯ ತೋಟಗಳ ವಿಚಾರವನ್ನು ಬರೆದುಕೊಂಡನು. ಆತನ ಗ್ರಂಥವು 1807 ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ತೋಟವು ಅಂದಿಗೂ ಈ ನಾಡಿನ ಐಶ್ವರ್ಯವಾಗಿದ್ದಿತು. ಆ ಐಶ್ವರ್ಯಕ್ಕೆ ಕೆರೆಯ ನೀರಿನಷ್ಟೇ ಕೆರೆಗೋಡೂ ಆಧಾರ. ಬೇಸಗೆಯಲ್ಲಿ ಕೆರೆ ಬತ್ತಿದೊಡನೆ ಗೋಡನ್ನು ಅಗೆದು, ಗಾಡಿಗಳಲ್ಲಿ ಹೇರಿ, ತೆಂಗಿನ ಬುಡಕ್ಕೆ ಹಾಕುವುದು ಹಿಂದಿನಿಂದ ಬಂದ ವಾಡಿಕೆ. ಆದರೆ ಗೋಡೆಂಬುದು ಎಲ್ಲಿಂದಲೋ ಬಂದ ವಸ್ತುವಲ್ಲ. ಅದು ಮೇಲಿನ ಹೊಲದವನ ಮಣ್ಣು. ತೋಟದವನಿಗೆ ಬಂದ ಲಾಭವು ಹೊಲದವನಿಗೆ ಆದ ನಷ್ಟವೇ ಸರಿ. ಗೋಡು ಅಗೆಯುವುದು ನಿಂತರೆ ಕೆರೆಯು ಹೂಳಿನಿಂದ ತುಂಬಿ, ಕೊನೆಗೆ ಇಬ್ಬರಿಗೂ ನಷ್ಟವಾಗುವುದು.

ಈ ನಷ್ಟಕ್ಕೆ ಹಳ್ಳಿಗರು ಕಂಡುಕೊಂಡಿದ್ದ ತಡೆಯು ಬದುವಿನ ಮೇಲಣ ಜೀವಂತ ಬೇಲಿ. ಕಳ್ಳಿ, ಕತ್ತಾಳೆ, ಲಕ್ಕಿ, ತಂಗಡಿ ಮುಂತಾದುವನ್ನು ನೆಟ್ಟವರ ಮುಖ್ಯ ಉದ್ದೇಶವು ದನಕರುಗಳನ್ನು ತಡೆಯುವುದು, ಎಲ್ಲೆಯನ್ನು ಗುರುತಿಸುವುದು. ಆದರೂ ಅವುಗಳ ಬುಡದಲ್ಲಿ ನೀರಿನ ಓಟವು ಕುಗ್ಗಿ ಮಣ್ಣು ನಿಲ್ಲುತ್ತಿದ್ದಿತು. ಬರಿಯ ಮಣ್ಣಿನ ಬದುವಾದರೋ ನೀರು ಒತ್ತರಿಸಿದ ಕಡೆ ಒಡೆದು, ಒಡೆದಲ್ಲಿ ಕೊರಕಲು ಬೀಳುವುದು. ಬೇರಿನ ಕಟ್ಟು ಇರುವ ಬದುವು ಅಷ್ಟು ಸುಲಭವಾಗಿ ಒಡೆಯದು.

ಇಂತಹ ಬೇಲಿಯ ಹಿರಿಮೆಯನ್ನು ಲೋಕಕ್ಕೆ ತೋರಿದ ಕೀರ್ತಿಯಲ್ಲಿ ಕನ್ನಡನಾಡಿಗೂ ಪಾಲುಂಟು. ಮೈಸೂರಿನ ದಕ್ಷಿಣಕ್ಕಿರುವ ಗುಂಡ್ಲುಪೇಟೆಯ ಸುತ್ತಿನ ರೈತರು ತಲೆಮಾರುಗಳಿಂದ ತಮ್ಮ ಹೊಲಗಳ ಎಲ್ಲೆಯಲ್ಲಿ ಲಾವಂಚದ ಸಾಲುಗಳನ್ನು ಬೆಳೆಸಿಕೊಂಡು ಬಂದಿದ್ದರು. 1950 ರ ದಶಕದಲ್ಲಿ ಫಿಜಿ ದ್ವೀಪದ ಕಬ್ಬಿನ ಇಳಿಜಾರುಗಳಲ್ಲಿ ಇದೇ ಹುಲ್ಲನ್ನು ನೆಡಿಸಿ ನೋಡಿದ್ದ ಜಾನ್ ಗ್ರೀನ್‌ಫೀಲ್ಡ್ ಎಂಬಾತನು 1980 ರ ದಶಕದಲ್ಲಿ ವಿಶ್ವ ಬ್ಯಾಂಕಿನ ಕೆಲಸದ ಮೇಲೆ ಭಾರತಕ್ಕೆ ಬಂದನು. ಆತನೂ ಆತನ ಸಹೋದ್ಯೋಗಿ ರಿಚರ್ಡ್ ಗ್ರಿಮ್‌ಷಾನೂ ಈ ಹುಲ್ಲಿನ ಪ್ರಚಾರವನ್ನು ಕೈಗೊಂಡರು. ಗುಂಡ್ಲುಪೇಟೆಯ ಹಳೆಯ ಸಾಲುಗಳು ಅವರ ಮಾತಿಗೆ ಸಾಕ್ಷಿಯಾಗಿ ನಿಂತುವು. ಇಳಿಜಾರಿಗೆ ಅಡ್ಡವಾಗಿ, ಗೇಣಿಗಿಂತ ಕಡಿಮೆ ಅಂತರದಲ್ಲಿ ಲಾವಂಚದ ಬುಡಗಳನ್ನು ನೆಟ್ಟರೆ, ಎರಡು ಮೂರು ವರ್ಷಗಳಲ್ಲಿ ಅವು ಕೂಡಿಕೊಂಡು ದಟ್ಟವಾದ ಗೋಡೆಯಾಗುವುವು. ಬೇರು ಅಗಲಕ್ಕೆ ಹರಡದೆ ನೇರವಾಗಿ ಹತ್ತಡಿಯವರೆಗೂ ಇಳಿಯುವುದು. ನೀರು ಸಾಲಿನ ನಡುವೆ ಸೋಸಿ ಮುಂದೆ ಹೋಗುವುದು. ಮಣ್ಣು ಹಿಂದೆ ಉಳಿದು, ವರ್ಷವರ್ಷಕ್ಕೂ ಹೊಲವು ತಾನಾಗಿ ಸಮತಟ್ಟಾಗುತ್ತ ಬರುವುದು.

ತೆಂಗಿನ ಸೀಮೆಗೆ ಈ ವಿಚಾರವು ಇಂದು ಹೆಚ್ಚು ಅಗತ್ಯವಾದುದು. ಕೊಳವೆಬಾವಿಗಳು ಬಂದ ಮೇಲೆ ತೆಂಗು ಕೆರೆಯ ಕೆಳಗಿನಿಂದ ಮೇಲೇರಿ ಇಳಿಜಾರಿನ ಹೊಲಗಳನ್ನೂ ಸೇರಿದೆ. ಹಿಂದೆ ಹೊಲದ ಮಣ್ಣು ಕೊಚ್ಚಿ ಬಂದರೆ ತೋಟಕ್ಕೆ ಗೋಡಾಗುತ್ತಿದ್ದಿತು. ಈಗ ಕೊಚ್ಚಿ ಹೋಗುತ್ತಿರುವುದು ತೋಟದ ಮಣ್ಣೇ. ಬೇಲಿಯು ಜಾಗವನ್ನು ತಿನ್ನುವುದೆಂದು ಅದನ್ನು ಕಿತ್ತು, ಕಲ್ಲುಕಂಬ ನೆಟ್ಟು, ಮುಳ್ಳುತಂತಿ ಎಳೆದವರು ಅನೇಕರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ತಂತಿಯು ದನವನ್ನು ತಡೆಯಬಲ್ಲುದೇ ಹೊರತು ನೀರನ್ನು ತಡೆಯಲಾರದು. ಬೇಲಿಯು ಕೇಳುವುದು ಒಂದು ಮೊಳದಗಲದ ನೆಲವನ್ನು. ಅದು ಕಾಯುವುದು ಮಕ್ಕಳ ಕಾಲಕ್ಕೂ ಫಲ ಕೊಡಬೇಕಾದ ಮರದ ಬುಡವನ್ನು.