ಐಹೊಳೆಯ ಎರಡು ಶಿಲ್ಪಗಳು: ಕ್ಷಮೆಯ ಪಾಠ

ದಶಧರ್ಮಗಳಲ್ಲಿ ಉತ್ತಮಕ್ಷಮೆ ಮೊದಲನೆಯದು. ಬಾದಾಮಿ ಚಾಲುಕ್ಯರ ಕಾಲದ ಐಹೊಳೆಯ ಜೈನ ಗುಹೆಯಲ್ಲಿ ಅದರ ಶಿಲ್ಪವ್ಯಾಖ್ಯಾನವನ್ನು ಕಾಣಬಹುದು. ಮುಖಮಂಟಪದ ಒಂದು ತುದಿಯಲ್ಲಿ ಪಾರ್ಶ್ವನಾಥ, ಇನ್ನೊಂದು ತುದಿಯಲ್ಲಿ ಬಾಹುಬಲಿ.

ಭವಭವಗಳಲ್ಲಿ ವೈರ ಸಾಧಿಸಿದ ಕಮಠನ ಉಪಸರ್ಗವನ್ನು ಪಾರ್ಶ್ವನು ನಿಶ್ಚಲನಾಗಿ ಸಹಿಸುತ್ತಾನೆ. ಹೆಡೆಯೆತ್ತಿ ಕಾಯ್ದ ಧರಣೇಂದ್ರನಲ್ಲಿ ರಾಗವಿಲ್ಲ, ಕಮಠನಲ್ಲಿ ದ್ವೇಷವಿಲ್ಲ. ಈ ಸಮಭಾವ ಒಂದೇ ಜನ್ಮದ ಗಳಿಕೆಯಲ್ಲ. ಮೊದಲ ಭವದ ಮರುಭೂತಿಯು ದ್ರೋಹಿಯಾದ ಅಣ್ಣ ಕಮಠನನ್ನು ಸಂತೈಸಲು ಹೋಗಿ, ಅವನಿಂದಲೇ ಹತನಾಗಿ, ಆರ್ತಧ್ಯಾನದಿಂದ ಆನೆಯಾಗಿ ಹುಟ್ಟಿದನೆನ್ನುತ್ತದೆ ಪುರಾಣಪರಂಪರೆ.

ಬಾಹುಬಲಿಗಾದರೋ ಹೊರಗೆ ವೈರಿಯಿಲ್ಲ. ಬಳ್ಳಿ ಹಬ್ಬಿದರೂ ಕದಲದ ಆ ತಪಸ್ವಿಗೆ, ತನ್ನಿಂದ ಭರತನು ನೊಂದನೆಂಬ ಕೊರಗೇ ಕೇವಲಜ್ಞಾನಕ್ಕೆ ತಡೆಯಾಗಿತ್ತೆಂದು 9ನೆಯ ಶತಮಾನದ ಜಿನಸೇನಾಚಾರ್ಯರು ಹೇಳುತ್ತಾರೆ. ಪರರ ಪೀಡೆಯನ್ನು ಸಹಿಸಿದರಷ್ಟೇ ಸಾಲದು, ಒಳಗಿನ ಕಸಿವಿಸಿಯೂ ಕಳೆಯಬೇಕೆಂಬುದು ಈ ಜೋಡಿಶಿಲ್ಪಗಳನ್ನು ಒಟ್ಟಿಗೆ ನೋಡಿದಾಗ ತಿಳಿಯುತ್ತದೆ.